ಗೋಡೆಗೇರುವ ಹೆಸರು, ಕಡತದಲ್ಲಿ ಉಳಿಯುವ ಸಾವು

ಕರ್ತವ್ಯದಲ್ಲಿ ಸತ್ತ ಪೊಲೀಸರನ್ನು ನೆನೆಯಲು ಮುಂಬಯಿಯಲ್ಲಿ ವರ್ಷಕ್ಕೆ ಎರಡು ದಿನಗಳಿವೆ. ನವೆಂಬರ್ 26 ಎಲ್ಲರಿಗೂ ಗೊತ್ತು; 2008ರ ಭಯೋತ್ಪಾದಕ ದಾಳಿಯ ದಿನ, ‘26/11’. ಅಂದು ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡ ಸಂಘಗಳಲ್ಲೂ ಬ್ಯಾನರ್ ಕಟ್ಟುತ್ತಾರೆ, ದೀಪ ಹಚ್ಚುತ್ತಾರೆ, ಎರಡು ನಿಮಿಷ ಮೌನ ನಿಲ್ಲುತ್ತಾರೆ. ಅಕ್ಟೋಬರ್ 21 ಮಾತ್ರ ಇಲಾಖೆಯ ಒಳಗಿನ ದಿನವಾಗಿಯೇ ಉಳಿದಿದೆ. ದಾದರ್ ಪೂರ್ವದ ನಾಯ್ಗಾಂವ್ ಪೊಲೀಸ್ ಮುಖ್ಯಾಲಯದ ಹುತಾತ್ಮ ಮೈದಾನದಲ್ಲಿ ಬೆಳಿಗ್ಗೆ ಕವಾಯತು ನಡೆಯುತ್ತದೆ. ‘ಶೋಕ ಶಸ್ತ್ರ’ ಎಂಬ ಆದೇಶಕ್ಕೆ ಬಂದೂಕಿನ ನಳಿಗೆಗಳು ನೆಲದ ಕಡೆ ತಿರುಗುತ್ತವೆ, ಬ್ಯೂಗಲ್ ಮೊಳಗುತ್ತದೆ, ವರ್ಷದ ಹೆಸರುಗಳ ಪಟ್ಟಿ ಓದಲಾಗುತ್ತದೆ. ಹೊರಗೆ ಪರೇಲ್ ಕಡೆಯ ಬಸ್ಸು ಎಂದಿನಂತೆ ಓಡುತ್ತಿರುತ್ತದೆ.

ಪಟ್ಟಿ ಓದುವ ಕೆಲಸವನ್ನು ನಮ್ಮ ವ್ಯವಸ್ಥೆ ಚೆನ್ನಾಗಿ ಕಲಿತಿದೆ. ಆ ಮನುಷ್ಯ ಹೇಗೆ ಸತ್ತ, ಯಾವುದು ಕೈಕೊಟ್ಟಿತು, ಮುಂದಿನವನು ಸಾಯದಿರಲು ಏನು ಬದಲಾಗಬೇಕು ಎಂಬುದನ್ನು ಬರೆದು ಸಾರ್ವಜನಿಕರ ಮುಂದಿಡುವುದನ್ನು ಇನ್ನೂ ಕಲಿತಿಲ್ಲ. ಸ್ಮರಣೆಯ ಚರ್ಚೆ ಬಂದಾಗಲೆಲ್ಲ ನಾವು ಪ್ರತಿಮೆಯ ಎತ್ತರದ ಬಗ್ಗೆ ಮಾತಾಡುತ್ತೇವೆ. ಕಷ್ಟವಿರುವುದು ಈ ದಾಖಲೆಯ ಕೆಲಸದಲ್ಲಿ.

ಮೊದಲು ದಿನಾಂಕದ ಮೂಲ. 1959ರ ಅಕ್ಟೋಬರ್‌ನಲ್ಲಿ ಟಿಬೆಟ್ ಗಡಿಯನ್ನು ಕಾಯುತ್ತಿದ್ದದ್ದು ಸೈನ್ಯವಲ್ಲ, ಪೊಲೀಸರು. ಈ ಗಡಿಗೆಂದೇ ಇರುವ ಇಂಡೋ-ಟಿಬೆಟನ್ ಗಡಿ ಪೊಲೀಸ್ (ಐಟಿಬಿಪಿ) ಹುಟ್ಟಿದ್ದೇ 1962ರಲ್ಲಿ. ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಗಸ್ತಿಗೆ ಹೋದವರು ಮರಳದಿದ್ದಾಗ, ಅಕ್ಟೋಬರ್ 21ರಂದು ಕರಮ್ ಸಿಂಗ್ ಎಂಬ ಅಧಿಕಾರಿಯ ನೇತೃತ್ವದ ತಂಡ ಹುಡುಕಿಕೊಂಡು ಹೊರಟಿತು. ಎತ್ತರದಲ್ಲಿ ಕಾದಿದ್ದ ಚೀನೀ ಪಡೆ ಗುಂಡು ಹಾರಿಸಿತು. ಹತ್ತು ಮಂದಿ ಸತ್ತರು, ಕೆಲವರು ಸೆರೆಯಾದರು, ಶವಗಳು ಕೈಗೆ ಬಂದದ್ದು ನವೆಂಬರ್ 13ಕ್ಕೆ. ಮರುವರ್ಷ ಜನವರಿಯಲ್ಲಿ ಸೇರಿದ ರಾಜ್ಯಗಳ ಪೊಲೀಸ್ ಮುಖ್ಯಸ್ಥರ ಸಮ್ಮೇಳನ ಆ ದಿನವನ್ನು ದೇಶದ ಎಲ್ಲ ಪೊಲೀಸರ ಸ್ಮೃತಿದಿನವೆಂದು ಗೊತ್ತುಮಾಡಿತು. ಹಾಗಾಗಿ ನಾಯ್ಗಾಂವ್‌ನಲ್ಲಿ ಓದುವ ಪಟ್ಟಿ ಮುಂಬಯಿಯದ್ದಷ್ಟೇ ಆಗಿರುವುದಿಲ್ಲ. ಕಾಶ್ಮೀರ, ಛತ್ತೀಸಗಢ, ಕರ್ನಾಟಕದವರ ಹೆಸರುಗಳೂ ಅದರಲ್ಲಿ ಬರುತ್ತವೆ.

ಈ ಪಟ್ಟಿಗೆ ತನ್ನದೇ ವರ್ಷವಿದೆ: ಸೆಪ್ಟೆಂಬರ್ 1ರಿಂದ ಮರುವರ್ಷದ ಆಗಸ್ಟ್ 31ರವರೆಗೆ. ಖಾರ್‌ನ ಟ್ರಾಫಿಕ್ ಪೊಲೀಸ್ ವಿಲಾಸ್ ಶಿಂದೆ ಅವರನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. 2016ರ ಆಗಸ್ಟ್ 23ರಂದು ಹೆಲ್ಮೆಟ್ ಇಲ್ಲದ ಹುಡುಗನೊಬ್ಬನನ್ನು ಪೆಟ್ರೋಲ್ ಪಂಪ್ ಬಳಿ ತಡೆದರು. ಹುಡುಗ ಅಣ್ಣನನ್ನು ಕರೆಸಿದ. ತಲೆಗೆ ದೊಣ್ಣೆಯ ಪೆಟ್ಟು ಬಿತ್ತು. ಆಸ್ಪತ್ರೆಯಲ್ಲಿ ಒಂದು ವಾರ ಕಳೆದು ಆಗಸ್ಟ್ 31ರಂದು ತೀರಿಕೊಂಡರು. ಲೆಕ್ಕದ ವರ್ಷದ ಕಟ್ಟಕಡೆಯ ದಿನ ಅದು. ಇನ್ನೊಂದು ದಿನ ಬದುಕಿದ್ದರೆ ಅದೇ ಸಾವು ಮುಂದಿನ ವರ್ಷದ್ದಾಗುತ್ತಿತ್ತು. ಕಲಬುರಗಿಯ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಅವರದ್ದೂ ಇದೇ ಬಗೆ. 2014ರ ಜನವರಿಯಲ್ಲಿ ರೌಡಿಯೊಬ್ಬನನ್ನು ಹಿಡಿಯಲು ಹೋದಾಗ ಗುಂಡು ತಗುಲಿತು, ಪ್ರಾಣ ಹೋದದ್ದು ವಾರದ ನಂತರ ಹೈದರಾಬಾದಿನ ಆಸ್ಪತ್ರೆಯಲ್ಲಿ. ಪೆಟ್ಟು ಬಿದ್ದ ಊರು ಒಂದು, ಸಾವಿನ ದಾಖಲೆ ಬರೆದ ಊರು ಇನ್ನೊಂದು. ಇಂಥ ಕಡೆ ಎರಡು ಠಾಣೆ, ಎರಡು ಆಸ್ಪತ್ರೆ, ಎರಡು ದಿನಾಂಕಗಳ ಕಾಗದಗಳನ್ನು ಯಾರೋ ಒಬ್ಬ ಗುಮಾಸ್ತ ಹೊಂದಿಸಿ ತರಬೇಕು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಜನವರಿಯಿಂದ ಡಿಸೆಂಬರ್‌ವರೆಗೆ ಎಣಿಸುತ್ತದೆ. ಪತ್ರಿಕೆಗಳು ಎರಡನ್ನೂ ಪಕ್ಕಪಕ್ಕ ಇಟ್ಟು ‘ಅಂಕಿ ಹೊಂದುತ್ತಿಲ್ಲ’ ಎಂದು ಬರೆಯುತ್ತವೆ. ಹೊಂದಬೇಕಾಗಿಯೂ ಇಲ್ಲ. ಸ್ಮೃತಿದಿನದ ಪಟ್ಟಿಯಲ್ಲಿ 2022ರಲ್ಲಿ 264 ಹೆಸರುಗಳಿದ್ದವು, 2023ರಲ್ಲಿ 188. ಇದನ್ನು ನೋಡಿ ಪೊಲೀಸ್ ಕೆಲಸ ಸುರಕ್ಷಿತವಾಯಿತು ಎನ್ನುವುದು ಅವಸರದ ಮಾತು. ಗಡ್‌ಚಿರೋಲಿ ಅಥವಾ ಬಸ್ತರ್‌ನ ಒಂದೇ ನೆಲಬಾಂಬು ಇಡೀ ವರ್ಷದ ಸಂಖ್ಯೆಯನ್ನು ಏರಿಸಿಬಿಡುತ್ತದೆ. ಬ್ಯೂರೋದ ಕೋಷ್ಟಕಗಳಲ್ಲಿ ದೊಡ್ಡ ಪಾಲು ಭಯೋತ್ಪಾದಕರದ್ದೂ ಅಲ್ಲ, ರೌಡಿಗಳದ್ದೂ ಅಲ್ಲ. ಅದು ಅಪಘಾತಗಳದ್ದು: ರಾತ್ರಿ ನಾಕಾಬಂದಿಯಲ್ಲಿ ನಿಂತವನ ಮೇಲೆ ಹರಿದ ಲಾರಿ, ಬಂದೋಬಸ್ತಿಗೆ ಹೊರಟ ಜೀಪು ಮಗುಚಿದ್ದು. ಪ್ರತಿಫಲಿಸುವ ಜಾಕೆಟ್ಟು, ಸರಿಯಾದ ದೂರದಲ್ಲಿ ಇಟ್ಟ ಬ್ಯಾರಿಕೇಡು, ಓಡಿ ದಣಿಯದ ಡ್ರೈವರು ಇದ್ದರೆ ತಪ್ಪಬಹುದಾದ ಸಾವುಗಳಿವು. ಭಾಷಣಕ್ಕೆ ಹೊಂದುವುದಿಲ್ಲವೆಂದೋ ಏನೋ, ಸ್ಮೃತಿದಿನದಂದು ಈ ವಿಷಯ ಯಾರೂ ಎತ್ತುವುದಿಲ್ಲ.

ಒಟ್ಟು ಪಟ್ಟಿ ಇರುವುದು ದೆಹಲಿಯ ಚಾಣಕ್ಯಪುರಿಯಲ್ಲಿ. 2018ರ ಅಕ್ಟೋಬರ್ 21ರಂದು ಉದ್ಘಾಟನೆಯಾದ ರಾಷ್ಟ್ರೀಯ ಪೊಲೀಸ್ ಸ್ಮಾರಕದ ನಡುವೆ 30 ಅಡಿ ಎತ್ತರದ, 238 ಟನ್ ತೂಕದ ಕಪ್ಪುಕಲ್ಲು; ಸುತ್ತ ‘ಶೌರ್ಯದ ಗೋಡೆ’. ಸ್ವಾತಂತ್ರ್ಯಾನಂತರ ಸತ್ತವರ ಹೆಸರುಗಳು ಅಂದು 34,844 ಇದ್ದವು; ಈಗ 36 ಸಾವಿರ ದಾಟಿವೆ. ಹೆಸರು ಸಿಗುತ್ತದೆ, ವರ್ಷ ಸಿಗುತ್ತದೆ. ಹೇಗೆ ಸತ್ತರೆಂಬುದು ಕಲ್ಲಿನಲ್ಲಿ ಹಿಡಿಯುವುದಿಲ್ಲ ಎನ್ನುವುದು ಒಪ್ಪತಕ್ಕ ಮಾತೇ. ಕಾಗದದಲ್ಲಾದರೂ ಹಿಡಿಯಬೇಕಿತ್ತು.

ಅಮೆರಿಕದಲ್ಲಿ ಎಫ್‌ಬಿಐ ವರ್ಷಕ್ಕೊಮ್ಮೆ, ಕೊಲೆಯಾದ ಪೊಲೀಸರ ವಿವರಗಳನ್ನು ಪ್ರಕಟಿಸುತ್ತ ಬಂದಿದೆ: ಯಾವ ಆಯುಧ, ಎಷ್ಟು ದೂರದಿಂದ, ಗುಂಡುನಿರೋಧಕ ತೊಟ್ಟಿದ್ದರೇ, ತೊಟ್ಟಿದ್ದರೆ ಗುಂಡು ಎಲ್ಲಿಂದ ಒಳಹೊಕ್ಕಿತು, ಒಬ್ಬರೇ ಇದ್ದರೇ, ಸ್ವಂತ ಆಯುಧ ಕಿತ್ತುಕೊಳ್ಳಲಾಯಿತೇ. ತರಬೇತಿ ಶಾಲೆಗಳು ಅದನ್ನೇ ಪಾಠ ಮಾಡುತ್ತವೆ. ನಮ್ಮಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿಲ್ಲವೆಂದಲ್ಲ. ಪಂಚನಾಮೆ, ಮರಣೋತ್ತರ ವರದಿ, ಕಂಟ್ರೋಲ್ ರೂಮಿನ ಧ್ವನಿಮುದ್ರಿಕೆ, ಇಲಾಖಾ ವಿಚಾರಣೆ ಎಲ್ಲವೂ ಬೇರೆ ಬೇರೆ ಕಪಾಟುಗಳಲ್ಲಿ ಇರುತ್ತವೆ. ಒಟ್ಟುಗೂಡುವುದು ಮನೆಯವರು ಜಗಳಕ್ಕೆ ನಿಂತಾಗ ಮಾತ್ರ.

26/11 ಇದಕ್ಕೆ ಪಠ್ಯಪುಸ್ತಕದಂಥ ಉದಾಹರಣೆ. ಕಾಮಾ ಆಸ್ಪತ್ರೆಯ ಪಕ್ಕದ ರಂಗಭವನ ಗಲ್ಲಿಯಲ್ಲಿ ಹೇಮಂತ ಕರಕರೆ, ಅಶೋಕ ಕಾಮಟೆ, ವಿಜಯ ಸಾಳಸ್ಕರ್ ಒಂದೇ ವಾಹನದಲ್ಲಿದ್ದರು. ಹಿಂದಿನ ಸೀಟಿನಲ್ಲಿದ್ದ ಒಬ್ಬ ಪೇದೆಯಷ್ಟೇ ಉಳಿದರು. ಮೂವರು ಹಿರಿಯ ಅಧಿಕಾರಿಗಳು ಆ ಗಲ್ಲಿಗೆ ಒಟ್ಟಿಗೆ ಬರುವಂತಾದದ್ದು ಯಾವ ಸಂದೇಶದಿಂದ, ಸಹಾಯ ಕೇಳಿದ ಕರೆಗೆ ಕಂಟ್ರೋಲ್ ರೂಮ್ ಎಷ್ಟು ಹೊತ್ತಿಗೆ ಏನು ಮಾಡಿತು ಎಂಬುದನ್ನು ತಿಳಿಯಲು ಕಾಮಟೆ ಅವರ ಪತ್ನಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕರೆಗಳ ದಾಖಲೆ ಪಡೆಯಬೇಕಾಯಿತು. ಕರಕರೆ ತೊಟ್ಟಿದ್ದ ಗುಂಡುನಿರೋಧಕ ಜಾಕೆಟ್ ಆಸ್ಪತ್ರೆಯಲ್ಲೇ ಕಾಣೆಯಾಯಿತು. ಅದರ ಗುಣಮಟ್ಟದ ವಿವಾದ ವರ್ಷಗಟ್ಟಲೆ ಎಳೆಯಿತು. ಮೃತ ಅಧಿಕಾರಿಯ ಮೈಮೇಲಿದ್ದ ರಕ್ಷಣಾ ಸಾಮಗ್ರಿ ಸಾಕ್ಷ್ಯವಸ್ತು. ಅದನ್ನು ಸೀಲ್ ಮಾಡಿ, ಪಂಚರ ಸಹಿ ಹಾಕಿಸಿ, ಪ್ರಯೋಗಾಲಯಕ್ಕೆ ಕಳಿಸಿದ್ದರೆ ಈ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ.

ಜಾಕೆಟ್ ಬಗ್ಗೆ ಇನ್ನೆರಡು ಮಾತು, ಏಕೆಂದರೆ ಇಲ್ಲಿ ಜನರಿಗೆ ತಪ್ಪು ಕಲ್ಪನೆ ಬಹಳ. ಬಟ್ಟೆಯಂತೆ ಮಡಚುವ ಮೃದು ಪದರ ಪಿಸ್ತೂಲಿನ 9 ಎಂಎಂ ಗುಂಡನ್ನು ತಡೆಯಬಲ್ಲದು, ಎಕೆ-47ರ ಗುಂಡನ್ನು ತಡೆಯದು. ಅದಕ್ಕೆ ಎದೆಗೂ ಬೆನ್ನಿಗೂ ಗಟ್ಟಿ ಫಲಕ ಬೇಕು. ಫಲಕ ಮುಚ್ಚುವುದು ಎದೆಯ ನಡುಭಾಗವನ್ನು. ಕುತ್ತಿಗೆ, ಭುಜದ ಮೇಲ್ಭಾಗ, ಕಂಕುಳು ತೆರೆದೇ ಇರುತ್ತವೆ. ಅವನ್ನೂ ಮುಚ್ಚಲು ಹೊರಟರೆ ತೂಕ ಏರಿ ಓಡುವುದು ಕಷ್ಟ. ಪಿಂಗಾಣಿ ಜಾತಿಯ ಫಲಕ ಕೆಳಗೆ ಬಿದ್ದರೆ ಹೊರಗೆ ಕಾಣದಂತೆ ಬಿರುಕು ಬಿಡುತ್ತದೆ, ಎಕ್ಸ್-ರೇ ಇಲ್ಲದೆ ಗೊತ್ತಾಗದು. ಮೃದು ಪದರಕ್ಕೆ ತೇವ ಮತ್ತು ಬಿಸಿಲು ಶತ್ರು. ಮುಂಬಯಿಯ ಮಳೆಗಾಲದಲ್ಲಿ ಠಾಣೆಯ ಮೂಲೆಯಲ್ಲಿ ಮಡಚಿ ಬಿಸಾಕಿದ ಜಾಕೆಟ್ಟಿಗೆ ತಯಾರಕರು ಕೊಟ್ಟ ಆಯುಷ್ಯವನ್ನು ನಂಬಬಾರದು. ಭಾರತೀಯ ಮಾನಕ ಬ್ಯೂರೋ ಗುಂಡುನಿರೋಧಕ ಜಾಕೆಟ್‌ಗಳಿಗೆ ಐಎಸ್ 17051 ಎಂಬ ಮಾನದಂಡ ತಂದದ್ದು 2018ರಲ್ಲಿ, ದಾಳಿಯಾಗಿ ಹತ್ತು ವರ್ಷಕ್ಕೆ.

ರಾಜ್ಯ ಸರ್ಕಾರ ನೇಮಿಸಿದ ರಾಮ್ ಪ್ರಧಾನ್ ಸಮಿತಿ 2009ರಲ್ಲಿ ವರದಿ ಕೊಟ್ಟಿತು. ಆಯುಧ, ಮದ್ದುಗುಂಡು, ಗುರಿ ಅಭ್ಯಾಸದ ಕೊರತೆ, ಆದೇಶದ ಸರಪಳಿಯಲ್ಲಿನ ಗೊಂದಲ ಅದರಲ್ಲಿ ದಾಖಲಾದವು. ಅದೇ ವರ್ಷ ರಾಜ್ಯದ ಕಮಾಂಡೊ ಪಡೆ ಫೋರ್ಸ್ ವನ್ ಹುಟ್ಟಿತು, ಕೇಂದ್ರದ ಕಮಾಂಡೊ ಪಡೆ ಎನ್‌ಎಸ್‌ಜಿಯ ನೆಲೆ ಮುಂಬಯಿಗೆ ಬಂತು. ಒಂದು ದೊಡ್ಡ ದುರಂತಕ್ಕೆ ಒಂದು ದೊಡ್ಡ ಸಮಿತಿ ಸಾಕಾಗುತ್ತದೆ. ಖಾರ್‌ನ ಪೆಟ್ರೋಲ್ ಪಂಪಿನಂಥ ಸಾವಿಗೆ ಯಾವ ಸಮಿತಿಯೂ ಕೂರುವುದಿಲ್ಲ; ರಸ್ತೆಯಲ್ಲಿ ಒಂಟಿಯಾಗಿ ನಿಲ್ಲುವ ಸಾವಿರಾರು ಟ್ರಾಫಿಕ್ ಪೊಲೀಸರಿಗೆ ಪಾಠ ಸಿಗಬೇಕಾದದ್ದು ಅಲ್ಲಿಂದ.

ಇನ್ನು ‘ಯಾರ ಹೆಸರು’ ಎಂಬ ಪ್ರಶ್ನೆ. 26/11ರಲ್ಲಿ ಸತ್ತ 166 ಜನರಲ್ಲಿ 18 ಮಂದಿ ಭದ್ರತಾ ಸಿಬ್ಬಂದಿ ಎಂಬುದು ವಾಡಿಕೆಯ ಲೆಕ್ಕ. ಈ 18 ಒಂದೇ ಇಲಾಖೆಯದ್ದಲ್ಲ. ಗಿರ್‌ಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿ ಬರೀ ಲಾಠಿ ಹಿಡಿದಿದ್ದ ತುಕಾರಾಮ್ ಓಂಬಳೆ ಮುಂಬಯಿ ನಗರ ಪೊಲೀಸ್‌ನ ಎಎಸ್‌ಐ. ಅವರು ಎಕೆ-47ರ ನಳಿಗೆಯನ್ನೇ ಅಪ್ಪಿ ಹಿಡಿದದ್ದರಿಂದ ದಾಳಿಕೋರ ಕಸಬ್ ಜೀವಂತ ಸಿಕ್ಕ. ಸಿಎಸ್‌ಟಿಯಲ್ಲಿ ಬಿದ್ದ ಶಶಾಂಕ ಶಿಂದೆ ರೈಲ್ವೆ ಪೊಲೀಸ್ ಇನ್‌ಸ್ಪೆಕ್ಟರ್. ತಾಜ್ ಹೋಟೆಲಿನಲ್ಲಿ ಸತ್ತ ರಾಹುಲ್ ಶಿಂದೆ ರಾಜ್ಯ ಮೀಸಲು ಪಡೆಯ ಪೇದೆ. ಸೊಲ್ಲಾಪುರ ಜಿಲ್ಲೆಯ ಅವರ ಹಳ್ಳಿ ಸುಲ್ತಾನಪುರ ಈಗ ರಾಹುಲ್ ನಗರ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಸೈನ್ಯದಿಂದ ಎನ್‌ಎಸ್‌ಜಿಗೆ ಬಂದವರು. ಹೋಮ್‌ಗಾರ್ಡ್ ಸಹ ಸತ್ತಿದ್ದಾರೆ. ಪ್ರತಿಯೊಂದಕ್ಕೂ ಬೇರೆ ಪಿಂಚಣಿ ನಿಯಮ, ಬೇರೆ ಪರಿಹಾರ, ಬೇರೆ ಪಟ್ಟಿ. ಕರಕರೆ, ಕಾಮಟೆ, ಸಾಳಸ್ಕರ್, ಓಂಬಳೆ, ಉನ್ನಿಕೃಷ್ಣನ್, ಗಜೇಂದರ್ ಸಿಂಗ್ ಈ ಆರು ಮಂದಿಗೆ 2009ರ ಗಣರಾಜ್ಯೋತ್ಸವದಂದು ಅಶೋಕ ಚಕ್ರ ಬಂದದ್ದರಿಂದ ಹೊರಗಿನವರಿಗೆ ಎಲ್ಲ ಒಂದೇ ಎನಿಸುತ್ತದೆ. ಖಜಾನೆಗೆ ಹಾಗೆ ಅನಿಸುವುದಿಲ್ಲ.

ಗಡ್‌ಚಿರೋಲಿಯ ಜಾಂಬುಳಖೇಡದಲ್ಲಿ 2019ರ ಮೇ 1, ಮಹಾರಾಷ್ಟ್ರ ದಿನದಂದೇ, ಪೊಲೀಸರಿದ್ದ ಖಾಸಗಿ ವಾಹನವೊಂದು ಸ್ಫೋಟಕ್ಕೆ ಸಿಕ್ಕಿತು. 15 ಪೊಲೀಸರು ಸತ್ತರು. ಜತೆಗೆ ಆ ವಾಹನದ ಚಾಲಕ. ಪೊಲೀಸರನ್ನೇ ಹೊತ್ತೊಯ್ಯುತ್ತಿದ್ದ, ಅದೇ ಬಾಂಬಿಗೆ ಸತ್ತ ಆತ ನಾಗರಿಕ. ಪೊಲೀಸ್ ಗೋಡೆ ಆತನದ್ದಲ್ಲ.

ಗುಂಡು ತಗುಲಿ ಸತ್ತವನ ಹೆಸರಿಗೆ ತಕರಾರು ಬರುವುದು ಕಡಿಮೆ. ತಕರಾರು ಹುಟ್ಟುವುದು ಗಣಪತಿ ವಿಸರ್ಜನೆಯ ಬಂದೋಬಸ್ತಿನಲ್ಲಿ ಹದಿನಾರು ತಾಸು ನಿಂತು ಎದೆ ಹಿಡಿದುಕೊಂಡು ಕುಸಿದವನ ವಿಷಯದಲ್ಲಿ. ಬದ್ಲಾಪುರದಿಂದಲೋ ವಿರಾರ್‌ನಿಂದಲೋ ಬೆಳಗಿನ ಪಾಳಿಗೆ ಹೊರಟು ಲೋಕಲ್‌ನಿಂದ ಬಿದ್ದವನ ವಿಷಯದಲ್ಲಿ. ಅವನು ಕರ್ತವ್ಯದಲ್ಲಿದ್ದನೇ? ಮನೆಯವರ ಪ್ರಕಾರ ಹೌದು, ಕಡತದ ಪ್ರಕಾರ ‘ದಾಖಲೆ ಒದಗಿಸಿ’. ಕೋವಿಡ್ ಕಾಲದಲ್ಲಿ ಮಹಾರಾಷ್ಟ್ರದಲ್ಲಿ ನೂರಾರು ಪೊಲೀಸರು ಸತ್ತರು. ಸರ್ಕಾರ 50 ಲಕ್ಷ ರೂಪಾಯಿ ಘೋಷಿಸಿತು. ಸಿಗಬೇಕಾದರೆ ಆಸ್ಪತ್ರೆ ಸೇರುವ ಹಿಂದಿನ 14 ದಿನಗಳಲ್ಲಿ ಕರ್ತವ್ಯದಲ್ಲಿದ್ದರೆಂದು ತೋರಿಸಬೇಕಿತ್ತು. ಹಾಜರಿ ಪುಸ್ತಕ ಸರಿಯಾಗಿದ್ದ ಠಾಣೆಯವರು ಬಚಾವಾದರು. ದಣಿವಿನ ಸಾವಿಗೆ ಮದ್ದು ಗೊತ್ತಿಲ್ಲದ್ದೇನೂ ಅಲ್ಲ. 2016ರಲ್ಲಿ ದೇವನಾರ್ ಠಾಣೆಯಲ್ಲಿ ಎಂಟು ತಾಸಿನ ಪಾಳಿಯ ಪ್ರಯೋಗ ಶುರುವಾಯಿತು. ಅದರ ಲೆಕ್ಕಾಚಾರ ಹಾಕಿಕೊಟ್ಟದ್ದು ಒಬ್ಬ ಪೇದೆ. ಆಯುಕ್ತರು ಅದನ್ನು ಇತರ ಠಾಣೆಗಳಿಗೂ ಹಬ್ಬಿಸಿದರು. ಮಂಜೂರಾದ ಹುದ್ದೆಗಳು ಖಾಲಿ ಇರುವಾಗ ಇಂಥ ಪಾಳಿ ಉಳಿಯುವುದು ಕಷ್ಟ. ಒಂದು ಹಬ್ಬ, ಒಂದು ಚುನಾವಣೆ, ಒಂದು ವಿಐಪಿ ಭೇಟಿ ಬಂದರೆ ಹನ್ನೆರಡು ತಾಸು ಮರಳುತ್ತದೆ.

ಮನೆಯವರ ಕಡತ ಎಲ್ಲಿ ಸಿಕ್ಕಿಬೀಳುತ್ತದೆ? ಮೊದಲ ಗಂಟು ಸ್ಟೇಷನ್ ಡೈರಿ. ಆ ದಿನ ಯಾರು, ಎಷ್ಟು ಗಂಟೆಗೆ, ಯಾವ ಕೆಲಸಕ್ಕೆ, ಯಾರ ಆದೇಶದ ಮೇಲೆ ಹೊರಟರು ಎಂಬ ನಮೂದು ಅಲ್ಲಿರಬೇಕು. ಬಾಯಿಮಾತಿನಲ್ಲಿ ‘ಹೋಗಿ ನೋಡಿ ಬಾ’ ಎಂದು ಕಳಿಸಿದ್ದರೆ ಆ ಬಾಯಿ ಮುಂದೆ ಸಾಕ್ಷಿಗೆ ಬರುವುದು ಅಪರೂಪ. ಎಫ್‌ಐಆರ್, ಪಂಚನಾಮೆ, ಮರಣೋತ್ತರ ವರದಿ ಮೂರರಲ್ಲೂ ಹೆಸರು, ಬಕ್ಕಲ್ ನಂಬರ್ (ಪೇದೆಯ ಗುರುತಿನ ಸಂಖ್ಯೆ), ಹೊತ್ತು ಒಂದೇ ಇರಬೇಕು. ಒಂದರಲ್ಲಿ ರಾತ್ರಿ 11.30, ಇನ್ನೊಂದರಲ್ಲಿ 12.15 ಇದ್ದರೆ ದಿನಾಂಕವೇ ಬದಲಾಗಿ ಕಡತ ವಾಪಸ್ ಬರುತ್ತದೆ. ಎರಡನೆಯ ಗಂಟು ನಾಮಿನಿ. ಮದುವೆಗೆ ಮುಂಚೆ ಸೇರಿದ ಹುಡುಗ ತಾಯಿಯ ಹೆಸರು ಬರೆದಿರುತ್ತಾನೆ, ಮದುವೆಯಾದ ಮೇಲೆ ತಿದ್ದುವುದನ್ನು ಮರೆತಿರುತ್ತಾನೆ. ಅತ್ತೆ-ಸೊಸೆ ಒಂದೇ ಮನೆಯಲ್ಲಿದ್ದರೂ ಕಾಗದ ಅವರನ್ನು ಎದುರುಬದುರು ನಿಲ್ಲಿಸುತ್ತದೆ, ವಾರಸಾ ಪ್ರಮಾಣಪತ್ರಕ್ಕೆ ಕೋರ್ಟಿಗೆ ಓಡಬೇಕಾಗುತ್ತದೆ. 2005ರ ನವೆಂಬರ್ 1ರ ನಂತರ ಸೇರಿದವರು ಹಳೆಯ ಪಿಂಚಣಿಯಲ್ಲಿಲ್ಲ, ಅವರ ಲೆಕ್ಕ ಬೇರೆ. ಸಂಬಳದ ಖಾತೆಯ ಜತೆ ಬರುವ ಅಪಘಾತ ವಿಮೆಯ ವಿಷಯವನ್ನು ಎಷ್ಟೋ ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಗೊತ್ತಾಗುವಾಗ ಬ್ಯಾಂಕಿಗೆ ತಿಳಿಸಬೇಕಾದ ಗಡುವು ಮುಗಿದಿರುತ್ತದೆ. ಅನುಕಂಪದ ನೌಕರಿ ಸಿ ಮತ್ತು ಡಿ ದರ್ಜೆಗೆ ಮಾತ್ರ, ಅದಕ್ಕೂ ಸರದಿ ಪಟ್ಟಿ.

ಮುಂಬಯಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಗಂಟು ಮನೆ. ನಾಯ್ಗಾಂವ್, ವರ್ಲಿಯ ಬಿಡಿಡಿ ಚಾಳುಗಳ ಕೋಣೆ ಸೇವೆ ಇರುವಷ್ಟು ದಿನ. ಸೇವೆ ಮುಗಿದರೆ, ಸಾವಿನಿಂದಲೇ ಮುಗಿದರೂ, ಖಾಲಿ ಮಾಡಬೇಕೆಂಬ ಕತ್ತಿ ತೂಗುತ್ತಿರುತ್ತದೆ. ಬಿಡಿಡಿ ಪುನರಭಿವೃದ್ಧಿಯಲ್ಲಿ ಅಲ್ಲಿನ ಪೊಲೀಸ್ ಕುಟುಂಬಗಳಿಗೆ 15 ಲಕ್ಷ ರೂಪಾಯಿಗೆ ಮನೆ ಕೊಡುವ ತೀರ್ಮಾನ 2022ರಲ್ಲಿ ಆಯಿತು. ಇತರ ಕಡೆಯ ಪೊಲೀಸ್ ಲೈನುಗಳವರಿಗೆ ಈ ಅದೃಷ್ಟವಿಲ್ಲ. ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಹೆಂಗಸಿಗೆ ಪದಕಕ್ಕಿಂತ ಈ ಕೋಣೆಯ ಪ್ರಶ್ನೆಯೇ ದೊಡ್ಡದು.

ಸ್ಮಾರಕಗಳೂ ಜಾಗ ಬದಲಿಸುತ್ತವೆ. ಮರೀನ್ ಡ್ರೈವಿನ ಪೊಲೀಸ್ ಜಿಮಖಾನಾದಲ್ಲಿದ್ದ 26/11 ಸ್ಮಾರಕ ಕೋಸ್ಟಲ್ ರೋಡ್ ಕಾಮಗಾರಿಯಿಂದಾಗಿ ಕ್ರಾಫರ್ಡ್ ಮಾರ್ಕೆಟ್ ಬಳಿಯ ಆಯುಕ್ತರ ಕಚೇರಿಯ ಆವರಣ ಸೇರಿತು. ಸಂಜೆ ಗಾಳಿ ಸೇವನೆಗೆ ಬಂದವರು ಹಾಗೇ ನಿಂತು ಹೆಸರು ಓದುವ ಜಾಗ ಅದಲ್ಲ, ಗೇಟಿನಲ್ಲಿ ಕಾವಲಿದೆ. ಓಂಬಳೆ ಅವರ ಊರು, ಸಾತಾರಾ ಜಿಲ್ಲೆಯ ಕೇಡಂಬೆಯಲ್ಲಿ ಸ್ಮಾರಕ ಕಟ್ಟಲು 13.46 ಕೋಟಿ ರೂಪಾಯಿ ಮಂಜೂರಾದದ್ದು 2025ರಲ್ಲಿ. ಅದಕ್ಕೆ ಮುಂಚೆಯೇ, 2021ರಲ್ಲಿ, ಥಾಣೆ-ಕಲ್ಯಾಣ ನಗರಗಳ ಭಾಗದಲ್ಲಿ ಸಿಕ್ಕ ಜಿಗಿಯುವ ಜೇಡವೊಂದಕ್ಕೆ ಸಂಶೋಧಕರು ‘ಐಸಿಯಸ್ ತುಕಾರಾಮಿ’ ಎಂದು ಹೆಸರಿಟ್ಟಿದ್ದರು. ಸರ್ಕಾರಕ್ಕಿಂತ ಜೇಡದವರು ಚುರುಕು. ಇನ್ನೊಂದು ವಿಚಿತ್ರ: ಈ ನಗರದ ಅತಿ ಪ್ರಸಿದ್ಧ ಹುತಾತ್ಮ ಸ್ಮಾರಕ, ಫೌಂಟನ್ ಬಳಿಯದ್ದು, ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದವರ ನೆನಪಿನದು. ಪೊಲೀಸರಿಗೆ ಸ್ಮಾರಕ ಕಟ್ಟುವಾಗ ಜನ ತಡವರಿಸುವುದಕ್ಕೆ ಇಂಥ ಇತಿಹಾಸವೂ ಕಾರಣ. ಅದನ್ನು ಮುಚ್ಚಿಡುವುದರಿಂದ ಸತ್ತ ಪೇದೆಯ ಗೌರವ ಹೆಚ್ಚುವುದಿಲ್ಲ.

ನಮ್ಮ ಸಂಘಗಳು ಕಾರ್ಯಕ್ರಮ ಮಾಡುವುದಾದರೆ ಕೆಲವು ಸಂಗತಿಗಳು ಕೈಯಳತೆಯಲ್ಲೇ ಇವೆ. ಹೆಸರುಗಳನ್ನು ಇಂಗ್ಲಿಷ್ ಸುದ್ದಿಯಿಂದ ಇಳಿಸಿಕೊಂಡು ‘ಓಂಬ್ಲೆ’, ‘ಸಲಸ್ಕರ್’, ‘ಕಾಮ್ಟೆ’ ಎಂದು ಬ್ಯಾನರ್ ಹಾಕುತ್ತೇವೆ. ಮರಾಠಿಯಲ್ಲಿರುವ ಳಕಾರ ಕನ್ನಡದಲ್ಲೂ ಇದೆ. ಮರಾಠಿ ಪತ್ರಿಕೆ ನೋಡಿ ಓಂಬಳೆ, ಸಾಳಸ್ಕರ್, ಕಾಮಟೆ ಎಂದು ಬರೆದರಾಯಿತು. ಹೆಸರಿನ ಜತೆ ಹುದ್ದೆ, ಪಡೆ, ಸತ್ತ ಜಾಗ ಇರಲಿ. ಆರು ಅಶೋಕ ಚಕ್ರದ ಭಾವಚಿತ್ರಕ್ಕೆ ನಿಲ್ಲಿಸದೆ ರೈಲ್ವೆ ಪೊಲೀಸ್, ಮೀಸಲು ಪಡೆ, ಹೋಮ್‌ಗಾರ್ಡ್‌ನವರನ್ನೂ ಓದಿ. ಮನೆಯವರನ್ನು ವೇದಿಕೆಗೆ ಕರೆಯುವ ಮುನ್ನ ಅವರ ಒಪ್ಪಿಗೆ ಕೇಳಿ. ಪ್ರತಿ ವರ್ಷ ಶಾಲು ಹೊದೆಸಿಕೊಳ್ಳುವುದು ಎಲ್ಲರಿಗೂ ಸುಲಭವಲ್ಲ.

ಹಣ ಕೊಡುವವರಿಗೆ ಒಂದು ಎಚ್ಚರ. 2017ರಲ್ಲಿ ಕೇಂದ್ರ ಗೃಹ ಇಲಾಖೆ ಆರಂಭಿಸಿದ ‘ಭಾರತ್ ಕೆ ವೀರ್’ ಜಾಲತಾಣ ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳವರಿಗಾಗಿ. ಒಂದು ಕುಟುಂಬದ ಖಾತೆಗೆ 15 ಲಕ್ಷದ ಮಿತಿ ಇದೆ. ಖಾರ್‌ನ ಟ್ರಾಫಿಕ್ ಪೊಲೀಸ್ ಅಲ್ಲಿ ಬರುವುದಿಲ್ಲ. ರಾಜ್ಯ ಪೊಲೀಸರ ಮನೆಯವರಿಗೆ ನೆರವಾಗಬೇಕಿದ್ದರೆ ಆಯುಕ್ತರ ಕಚೇರಿಯ ಕಲ್ಯಾಣ ವಿಭಾಗಕ್ಕೆ ಬರೆದು, ಹೆಂಡತಿ ಅಥವಾ ಮಕ್ಕಳ ಖಾತೆಗೆ ನೇರ ಚೆಕ್ ಕೊಡುವುದು ಸರಿ. ನಗದು ಬೇಡ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಖಾತೆ ಸಂಖ್ಯೆಯಂತೂ ಬೇಡವೇ ಬೇಡ. ಇದಕ್ಕಿಂತ ಉಪಯೋಗದ ಕೆಲಸವೆಂದರೆ ಸಂಘದಲ್ಲಿರುವ ವಕೀಲರೊಬ್ಬರು, ಲೆಕ್ಕಪರಿಶೋಧಕರೊಬ್ಬರು ತಿಂಗಳಿಗೊಂದು ಶನಿವಾರ ಪೊಲೀಸ್ ಲೈನಿನಲ್ಲಿ ಕುಳಿತು ನಾಮಿನಿ ಅರ್ಜಿ ತಿದ್ದಿಸುವುದು, ವಿಮೆಯ ಕಾಗದ ನೋಡಿಕೊಡುವುದು. ಹತ್ತಿರದ ಠಾಣೆಯ ಸೀನಿಯರ್ ಇನ್‌ಸ್ಪೆಕ್ಟರ್‌ಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಟ್ಟು, ಪ್ರತಿಗೆ ಆವಕ ಮೊಹರು ಹಾಕಿಸಿಕೊಂಡು ಶುರು ಮಾಡಬಹುದು. ಸೇವೆಯಲ್ಲಿರುವವರು ಬದುಕಿದ್ದಾಗಲೇ ಇದನ್ನು ಮಾಡಬೇಕು. ನಾಮಿನಿ ಅರ್ಜಿಗೆ ಅವರದೇ ಸಹಿ ಬೇಕಾಗುತ್ತದೆ.